ಹತ್ತು ಕೋಟಿ ಪ್ರತಿ ಮಾರಿದ ನಿರಾಶೆ

ಪುಸ್ತಕದ ವ್ಯಾಪಾರಿಯ ಬಳಿ ಇರುವುದು ಒಂದೇ ಲೆಕ್ಕದ ಪುಸ್ತಕ. ಎಷ್ಟು ಪ್ರತಿ ಹೋಯಿತು, ಎಷ್ಟು ಹಣ ಬಂತು ಎಂಬುದನ್ನು ಅವನು ಅದರಲ್ಲಿ ಬರೆದಿಡುತ್ತಾನೆ. ಕೊಂಡವರು ಓದಿ ಮುಗಿಸಿದರೇ, ಮುಗಿಸಿದವರಿಗೆ ತೃಪ್ತಿಯಾಯಿತೇ, ಆಗಲಿಲ್ಲವಾದರೆ ಏಕೆ ಆಗಲಿಲ್ಲ ಎಂಬ ಪ್ರಶ್ನೆಗಳಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ. ಲೆಕ್ಕಕ್ಕೆ ಸಿಕ್ಕದ ಆ ಅತೃಪ್ತಿಯ ಬಗ್ಗೆ ಈ ವಾರ ನಾಲ್ಕು ಮಾತು ಹೇಳಬೇಕೆಂದು ನಮಗೆ ತೋರಿದೆ.

ಇ. ಎಲ್. ಜೇಮ್ಸ್ ಎಂಬ ಹೆಸರಿನಲ್ಲಿ ಬರೆಯುವ ಬ್ರಿಟಿಷ್ ಲೇಖಕಿಯ 'ಫಿಫ್ಟಿ ಷೇಡ್ಸ್ ಆಫ್ ಗ್ರೇ' ಕಾದಂಬರಿ 2011ರಲ್ಲಿ ಹೊರಬಂದಿತು. ಮುಂದಿನ ಎರಡು ಭಾಗಗಳೂ ಸೇರಿ 2014ರ ಆರಂಭದ ಹೊತ್ತಿಗೆ ಹತ್ತು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವೆಂದು ಪ್ರಕಾಶಕರು ಸಾರಿದರು. 2015ರಲ್ಲಿ ಬಂದ ಚಲನಚಿತ್ರ ಲೋಕವನ್ನೆಲ್ಲ ಸುತ್ತಿ 50 ಕೋಟಿ ಡಾಲರಿಗೂ ಮೀರಿದ ಗಳಿಕೆ ತಂದಿತು. ಇದು ನಾಣ್ಯದ ಒಂದು ಮುಖ. ಇನ್ನೊಂದು ಮುಖವನ್ನೂ ನೋಡಿರಿ. 2012ರಲ್ಲಿ ಬ್ರಿಟನ್ನಿನ ಟ್ರಾವೆಲಾಡ್ಜ್ ಹೋಟೆಲುಗಳವರು, ತಂಗಿದ ಪ್ರಯಾಣಿಕರು ಕೋಣೆಯಲ್ಲೇ ಬಿಟ್ಟುಹೋದ ಪುಸ್ತಕಗಳ ಪಟ್ಟಿ ಮಾಡಿದರು. ಮೊದಲ ಸ್ಥಾನ ಈ ಪುಸ್ತಕಕ್ಕೇ ಸಂದಿತು. 2016ರಲ್ಲಿ ವೇಲ್ಸ್ ನಾಡಿನ ಸ್ವಾನ್ಸೀಯಲ್ಲಿ, ಹಳೆಯ ವಸ್ತುಗಳನ್ನು ದಾನವಾಗಿ ಪಡೆದು ಮಾರುವ ಆಕ್ಸ್‌ಫ್ಯಾಮ್ ಅಂಗಡಿ, ಈ ಪುಸ್ತಕವನ್ನು ದಯವಿಟ್ಟು ಇನ್ನು ತಂದುಕೊಡಬೇಡಿ ಎಂದು ಊರವರನ್ನು ಬೇಡಿಕೊಂಡಿತು. ಬಂದು ಬಿದ್ದ ಪ್ರತಿಗಳನ್ನು ಇಟ್ಟಿಗೆಯಂತೆ ಪೇರಿಸಿ ಅಲ್ಲಿಯವರು ಒಂದು ಕೋಟೆಯನ್ನೇ ಕಟ್ಟಿದ್ದರು!

ಬಿಟ್ಟವರೆಲ್ಲ ಬೇಸತ್ತೇ ಬಿಟ್ಟರೆಂದು ನಾವು ವಾದಿಸುವುದಿಲ್ಲ. ಮನೆಯವರ ಕಣ್ಣಿಗೆ ಬೀಳಬಾರದೆಂದು ಬಿಟ್ಟವರೂ ಇದ್ದಾರು. ಆದರೆ ಮನಸ್ಸಿನಲ್ಲಿ ಮನೆ ಮಾಡಿದ ಪುಸ್ತಕವನ್ನು ಯಾರೂ ಹೀಗೆ ಕೈಬಿಡುವುದಿಲ್ಲ. ಬಟ್ಟೆಯ ಅಡಿಯಲ್ಲಾದರೂ ಬಚ್ಚಿಟ್ಟುಕೊಳ್ಳುತ್ತಾರೆ. ಕುತೂಹಲದಿಂದ ಕೊಂಡು, ಒಂದೇ ಉಸಿರಿಗೆ ಓದಿ, ಕೊನೆಗೆ 'ಇಷ್ಟೇನೇ?' ಎಂದು ಮುಚ್ಚಿಟ್ಟ ಓದುಗರ ಸಂಖ್ಯೆ ಅಲ್ಪವಲ್ಲ. ನಮ್ಮ ಕಡೆ ಇಂಗ್ಲಿಷ್ ಓದಬಲ್ಲ ಹೆಣ್ಣುಮಕ್ಕಳಲ್ಲೂ ಈ ಮಾತು ಕೇಳಿಬಂದಿದೆ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎನ್ನುತ್ತಾರೆ. ಈ ನಿರಾಶೆಯನ್ನು ನಗೆಯಾಡಿ ತಳ್ಳಿಹಾಕುವುದು ಸುಲಭ. ಅದರಲ್ಲಿ ಒಂದು ತೀರ್ಪು ಅಡಗಿದೆ ಎಂಬುದೇ ನಮ್ಮ ವಾದ.

ಓದದವರಿಗಾಗಿ ಕಥೆಯ ಸಾರಾಂಶ ಹೇಳುತ್ತೇವೆ. ಅನಸ್ತಾಸಿಯಾ ಸ್ಟೀಲ್ ಇಪ್ಪತ್ತೊಂದು ವರ್ಷದ ಹುಡುಗಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿನಿ; ಖರ್ಚಿಗಾಗಿ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ದುಡಿಯುತ್ತಾಳೆ. ವಿದ್ಯಾರ್ಥಿಗಳ ಪತ್ರಿಕೆಗಾಗಿ ಸಂದರ್ಶನ ಮಾಡಬೇಕಾಗಿದ್ದ ಗೆಳತಿ ಕಾಯಿಲೆ ಬೀಳಲು, ಅವಳ ಬದಲು ಇವಳು ಸಿಯಾಟಲ್ ನಗರದ ಕೋಟ್ಯಧೀಶ ಕ್ರಿಶ್ಚಿಯನ್ ಗ್ರೇ ಎಂಬವನ ಕಚೇರಿಗೆ ಹೋಗುತ್ತಾಳೆ. ಅವನಿಗೆ ಇಪ್ಪತ್ತೇಳು ವರ್ಷ. ಅವನು ಅವಳನ್ನು ಬಯಸುತ್ತಾನೆ, ಆದರೆ ಪ್ರೇಮಿಯಾಗಿ ಅಲ್ಲ. ತಾನು ಒಡೆಯ, ಅವಳು ಅಧೀನಳು ಎಂದು ಲಿಖಿತ ಕರಾರನ್ನೇ ಮುಂದಿಡುತ್ತಾನೆ. ಏನು ತಿನ್ನಬೇಕು, ಎಷ್ಟು ಹೊತ್ತು ನಿದ್ರಿಸಬೇಕು, ಏನು ಉಡಬೇಕು ಎಂಬುದೆಲ್ಲ ಅದರಲ್ಲಿ ಕಲಮುಗಳಾಗಿವೆ, ತಪ್ಪಿದರೆ ಶಿಕ್ಷೆ. ಅದಕ್ಕೆ ಮೊದಲೇ, ನಡೆದುದನ್ನು ಹೊರಗೆ ಹೇಳುವುದಿಲ್ಲವೆಂಬ ಮುಚ್ಚಳಿಕೆಗೆ ಅವಳಿಂದ ಸಹಿ ಹಾಕಿಸಿಕೊಂಡಿರುತ್ತಾನೆ. ಅವಳು ಕರಾರಿನ ಕಲಮುಗಳ ಮೇಲೆ ಚೌಕಾಶಿ ನಡೆಸುತ್ತಾಳೆಯೇ ಹೊರತು ಸಹಿ ಹಾಕುವುದಿಲ್ಲ. ಮೊದಲ ಭಾಗದ ಕೊನೆಯಲ್ಲಿ ಅವನು ಬೆಲ್ಟಿನಿಂದ ಆರು ಏಟು ಹೊಡೆಯುತ್ತಾನೆ. ಅವಳು ಬಿಟ್ಟು ಹೋಗುತ್ತಾಳೆ. ಮುಂದಿನ ಭಾಗಗಳಲ್ಲಿ ಮರಳಿ ಬರುತ್ತಾಳೆ, ಮದುವೆಯಾಗುತ್ತಾಳೆ, ತಾಯಿಯಾಗುತ್ತಾಳೆ. ಶುಭಂ.

ಈ ಪುಸ್ತಕದ ಮೇಲೆ ಎರಡು ಪಕ್ಷಗಳು ಗದ್ದಲ ಎಬ್ಬಿಸಿದವು. ಒಂದು ಶೀಲರಕ್ಷಕರ ಪಕ್ಷ. 2012ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಬ್ರೆವರ್ಡ್ ಕೌಂಟಿಯ ಸಾರ್ವಜನಿಕ ಪುಸ್ತಕಾಲಯಗಳು ಇದನ್ನು ಕಪಾಟಿನಿಂದ ತೆಗೆದವು. ಜನ ಪ್ರತಿಭಟಿಸಿದ ಮೇಲೆ ಅದೇ ತಿಂಗಳಲ್ಲಿ ಹಿಂದಕ್ಕೆ ಇಟ್ಟವು. 2015ರಲ್ಲಿ ನಮ್ಮ ದೇಶದ ಚಲನಚಿತ್ರ ಪ್ರಮಾಣೀಕರಣ ಮಂಡಲಿ ಚಿತ್ರಕ್ಕೆ ಅನುಮತಿ ಕೊಡಲಿಲ್ಲ. ಇನ್ನೊಂದು ವರ್ತಕರ ಪಕ್ಷ. ಕೋಟಿ ಕೋಟಿ ಜನ ಕೊಂಡಿರುವಾಗ ಟೀಕಿಸಲು ನೀವು ಯಾರು ಎಂಬುದು ಅವರ ಪ್ರಶ್ನೆ. ಮೊದಲಿನವರು ಓದುಗಳನ್ನು ಕೆಡಬಹುದಾದ ಕೂಸೆಂದು ತಿಳಿದರು, ಎರಡನೆಯವರು ಬಿಚ್ಚಿದ ಪರ್ಸೆಂದು ತಿಳಿದರು. ಓದಿದ ಮೇಲೆ ನಿನಗೇನು ಅನ್ನಿಸಿತಮ್ಮಾ ಎಂದು ಇಬ್ಬರೂ ಕೇಳಲಿಲ್ಲ.

ಶೀಲರಕ್ಷಕರ ಕಥೆ ನಮಗೆ ಹೊಸದಲ್ಲ. ಡಿ. ಎಚ್. ಲಾರೆನ್ಸ್ ಬರೆದ 'ಲೇಡಿ ಚ್ಯಾಟರ್ಲೀಸ್ ಲವರ್' ಕಾದಂಬರಿಯನ್ನು 1960ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ವಿಚಾರಣೆಗೆ ಒಳಪಡಿಸಿದಾಗ ಸರ್ಕಾರಿ ವಕೀಲರು ಜ್ಯೂರಿಯನ್ನು ಕೇಳಿದ್ದು, ನಿಮ್ಮ ಹೆಂಡತಿಯೋ ಮನೆಯ ಆಳುಗಳೋ ಇದನ್ನು ಓದುವುದು ನಿಮಗೆ ಒಪ್ಪಿಗೆಯೇ ಎಂದು. ಪುಸ್ತಕದಲ್ಲಿ ಏನಿದೆಯೆಂಬುದಕ್ಕಿಂತ ಯಾರ ಕೈಗೆ ಹೋಗುತ್ತದೆಂಬುದೇ ಅವರ ಭಯ! ಮೂರೂವರೆ ಶಿಲಿಂಗಿಗೆ ಅದು ಗಿರಣಿಯ ಹುಡುಗಿಗೂ ಸಿಕ್ಕುವಂತಾದುದೇ ಅಪರಾಧವಾಗಿ ಕಂಡಿತು. ಜ್ಯೂರಿ ಪ್ರಕಾಶಕರನ್ನು ಬಿಡುಗಡೆ ಮಾಡಿತು. ನಮ್ಮಲ್ಲಿ ಅದೇ ಪುಸ್ತಕ ಮಾರಿದುದಕ್ಕೆ ಮುಂಬಯಿಯ ಪುಸ್ತಕದ ಅಂಗಡಿಯ ರಂಜಿತ್ ಉದೇಶಿ ಎಂಬವರಿಗೆ ಇಪ್ಪತ್ತು ರೂಪಾಯಿ ದಂಡ ಬಿತ್ತು. 1964ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ಎತ್ತಿಹಿಡಿಯಿತು. 1868ರ ಇಂಗ್ಲೆಂಡಿನ ಅಳತೆಗೋಲನ್ನೇ ಅದು ಮುಖ್ಯವಾಗಿ ಆಧರಿಸಿತ್ತು. ಆ ಹಳೆಯ ಕೋಲನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ಬದಿಗಿಟ್ಟುದು 2014ರಲ್ಲಿ.

ಕನ್ನಡದಲ್ಲೂ ಈ ಜಗಳ ನಡೆದಿದೆ. ಅ. ನ. ಕೃಷ್ಣರಾಯರು ವೇಶ್ಯಾಸಮಸ್ಯೆಯನ್ನು ಕೈಗೆತ್ತಿಕೊಂಡು 'ನಗ್ನ ಸತ್ಯ', 'ಶನಿ ಸಂತಾನ', 'ಸಂಜೆಗತ್ತಲು' ಎಂಬ ಕಾದಂಬರಿಗಳನ್ನು ಬರೆದಾಗ ಅಶ್ಲೀಲವೆಂಬ ಕೂಗೆದ್ದಿತು. ಅವರು ಸುಮ್ಮನಿರದೆ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಅವರ ಕಾದಂಬರಿಗಳ ಗುಣದೋಷಗಳ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಮೈಯ ವಿಷಯ ಬಂದೊಡನೆ ಸಾಹಿತ್ಯ ಕೆಟ್ಟಿತೆನ್ನುವವರಿಗೆ ಕನ್ನಡದ ಲೇಖಕ ಹೆದರಬೇಕಾಗಿಲ್ಲವೆಂಬುದು ಅಂದೇ ಸ್ಥಿರವಾಯಿತು. ಆದುದರಿಂದ ನಮ್ಮ ನಿಲುವನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಈ ಕಾದಂಬರಿಯನ್ನು ಮುಟ್ಟುಗೋಲು ಹಾಕಬೇಕೆಂದಾಗಲಿ, ಓದಿದ ಹೆಣ್ಣುಮಕ್ಕಳು ತಲೆತಗ್ಗಿಸಬೇಕೆಂದಾಗಲಿ ನಾವು ಹೇಳುವವರಲ್ಲ. ಬಯಕೆಯ ಬಗ್ಗೆ ಓದುವ ಬಯಕೆ ಪಾಪವಲ್ಲ.

ಹಾಗಾದರೆ ನಿರಾಶೆ ಯಾವುದರದು? ಬಹುಮಂದಿ ಮೊದಲು ಹೇಳುವುದು ಬರವಣಿಗೆಯ ಬಡತನವನ್ನು. ನಾಯಕಿ ತುಟಿ ಕಚ್ಚಿಕೊಳ್ಳುತ್ತಾಳೆ. ಕೆಲವು ಪುಟ ಕಳೆದು ಮತ್ತೆ ತುಟಿ ಕಚ್ಚಿಕೊಳ್ಳುತ್ತಾಳೆ. ಅವಳೊಳಗೆ ಕುಳಿತ 'ದೇವತೆ' ಎಂಬೊಬ್ಬಳು ಹೊತ್ತಿಲ್ಲ ಗೊತ್ತಿಲ್ಲದೆ ಕುಣಿಯುತ್ತಾಳೆ. ಮಾತು ಅದೇ, ಉದ್ಗಾರ ಅದೇ, ಬೆರಗು ಅದೇ. ಮೊದಲ ಸಲ ಎದೆ ಬಡಿದುಕೊಂಡ ಓದುಗಳು ಐದನೆಯ ಸಲ ಪುಟ ಹಾರಿಸುತ್ತಾಳೆ. ರಾತ್ರಿಪಾಳಿಯ ಗಂಟೆ ಹೊಡೆದಂತೆ ಹೊತ್ತಿಗೆ ಸರಿಯಾಗಿ ಬರುವ ಶೃಂಗಾರದಲ್ಲಿ ಬಿಸಿ ಉಳಿಯುವುದಾದರೂ ಹೇಗೆ?

ಇಂತಹ ಪುಸ್ತಕದಿಂದ ಇನ್ನೇನು ನಿರೀಕ್ಷಿಸಿದ್ದಿರಿ ಎಂದು ಪಂಡಿತರು ಈ ಓದುಗರನ್ನು ಹಂಗಿಸುತ್ತಾರೆ. ಈ ಹಂಗಿಸುವಿಕೆ ನಮಗೆ ಒಪ್ಪಿಗೆಯಿಲ್ಲ. ಖಾನಾವಳಿಯಲ್ಲಿ ಊಟಕ್ಕೆ ಕುಳಿತವನು ಅನ್ನ ಹಳಸಿದೆಯೆಂದರೆ, ಅರಮನೆಯ ಊಟ ಬಯಸಿದ್ದೆಯಾ ಎಂದು ಕೇಳುವುದು ನ್ಯಾಯವಲ್ಲ. ಅವನು ಕೊಟ್ಟ ದುಡ್ಡಿಗೆ ಹಳಸದ ಅನ್ನ ಸಿಕ್ಕಬೇಕು, ಅಷ್ಟೆ. ದಿನವೆಲ್ಲ ದುಡಿದು ರಾತ್ರಿ ಒಂದು ಗಂಟೆ ಓದಲು ಕುಳಿತ ಹೆಂಗಸಿಗೆ ಒಳ್ಳೆಯ ಪ್ರಣಯಕಥೆ ಕೇಳುವ ಹಕ್ಕಿದೆ. ಪ್ರಣಯಕಥೆ ಕೀಳು ಜಾತಿಯದಲ್ಲ. ಕೆಟ್ಟ ಪ್ರಣಯಕಥೆ ಮಾತ್ರ ಕೀಳು.

ಆದರೆ ಬರವಣಿಗೆಯ ಬಡತನವೊಂದೇ ಕಾರಣವಾಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. ಒರಟು ಭಾಷೆಯ ಎಷ್ಟೋ ಕಥೆಗಳು ಮನಸ್ಸನ್ನು ಹಿಡಿದಿವೆ. ಇಲ್ಲಿಯ ಕೊರತೆ ಇನ್ನೂ ಆಳದ್ದು. ಓದುಗಳು ಇಬ್ಬರು ಮನುಷ್ಯರ ನಡುವಿನ ಬಯಕೆಯನ್ನು ಹುಡುಕಿ ಹೋದಳು. ಅವಳಿಗೆ ಸಿಕ್ಕಿದ್ದು ಒಬ್ಬ ಮಾಲೀಕ ಮತ್ತು ಅವನ ಖರೀದಿಗಳ ಪಟ್ಟಿ.

ಪಟ್ಟಿಯನ್ನೇ ನೋಡಿರಿ. ಪರಿಚಯವಾದ ಕೆಲವೇ ದಿನಗಳಲ್ಲಿ ಗ್ರೇ ಅವಳಿಗೆ ಸುಮಾರು 14,000 ಡಾಲರ್ ಬೆಲೆಯ ಹಳೆಯ ಪುಸ್ತಕ ಕಳುಹಿಸುತ್ತಾನೆ. ಆಮೇಲೆ ಕಂಪ್ಯೂಟರು, ಫೋನು, ಹೊಸ ಕಾರು. ಅವಳ ಹಳೆಯ ಕಾರನ್ನು ತನ್ನ ಆಳಿನ ಕೈಯಲ್ಲಿ ಮಾರಿಸಿಬಿಡುತ್ತಾನೆ. ಅವಳ ಮೊಬೈಲಿನ ಜಾಡು ಹಿಡಿದು ಅವಳಿದ್ದ ಕಡೆಗೆ ಬಂದು ನಿಲ್ಲುತ್ತಾನೆ. ತಾಯಿಯನ್ನು ನೋಡಲು ಅವಳು ದೇಶದ ಇನ್ನೊಂದು ಮೂಲೆಗೆ ಹೋದರೆ ಅಲ್ಲಿಗೂ ಬರುತ್ತಾನೆ. ಎರಡನೆಯ ಭಾಗದಲ್ಲಿ ಅವಳೊಂದು ಕೆಲಸಕ್ಕೆ ಸೇರುತ್ತಾಳೆ, ಸಣ್ಣ ಪ್ರಕಾಶನ ಸಂಸ್ಥೆಯೊಂದರಲ್ಲಿ. ತನ್ನ ಓದಿನಿಂದ, ತನ್ನ ಯೋಗ್ಯತೆಯಿಂದ ಅವಳು ಸಂಪಾದಿಸಿದ್ದು ಅದೊಂದೇ. ಅದನ್ನು ಗ್ರೇ ಏನು ಮಾಡುತ್ತಾನೆ? ಆ ಸಂಸ್ಥೆಯನ್ನೇ ಕೊಂಡುಕೊಳ್ಳುತ್ತಾನೆ! ಮೂರನೆಯ ಭಾಗದಲ್ಲಿ ಅದೇ ಸಂಸ್ಥೆಯನ್ನು ಅವಳಿಗೆ ಮದುವೆಯ ಉಡುಗೊರೆಯೆಂದು ಕೊಡಲು ಹೊರಡುತ್ತಾನೆ.

ಕೂಲಿ ಮಾಡಿ ಬದುಕುವ ಯಾವ ಹೆಂಗಸಿಗೂ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಗಂಡ, ಗಿರಣಿಯಲ್ಲಿ ಮಾಲೀಕ ಎಂದು ಅಧಿಕಾರ ಎರಡು ಕಡೆ ಹಂಚಿದ್ದರೆ, ಒಂದರಿಂದ ಓಡಿ ಇನ್ನೊಂದರಲ್ಲಿ ಉಸಿರಾಡಬಹುದು. ಇಬ್ಬರೂ ಒಬ್ಬನೇ ಆದರೆ ಓಡುವುದು ಎಲ್ಲಿಗೆ? ಜಗಳವಾದ ರಾತ್ರಿಯ ಮರುದಿನ ಕೆಲಸಕ್ಕೆ ಹೋಗಿ ನಾಲ್ಕು ಜನರ ನಡುವೆ ತಾನೊಬ್ಬ ಬೇರೆಯ ವ್ಯಕ್ತಿಯೆಂದು ತಿಳಿಯುವ ಸ್ಥಳವೂ ಅವನದೇ ಆಸ್ತಿಯಾಯಿತು. ಲೇಖಕಿ ಇದನ್ನು ಪ್ರೇಮದ ಔದಾರ್ಯವೆಂದು ವರ್ಣಿಸುತ್ತಾರೆ. ಓದುವಾಗ ಹಿತವೆನ್ನಿಸಿದರೂ ಓದಿ ಮುಚ್ಚಿದ ಮೇಲೆ ಉಳಿಯುವ ಆ ಹೆಸರಿಲ್ಲದ ಕಸಿವಿಸಿಯ ಮೂಲ ಇಲ್ಲಿದೆಯೆಂದು ನಾವು ತಿಳಿಯುತ್ತೇವೆ.

ಬಯಕೆಗೆ ಬೇಕಾದುದು ಇಬ್ಬರು. 'ಹೂಂ' ಎಂದರೆ ಬೆಲೆ ಬರಬೇಕಾದರೆ 'ಊಹೂಂ' ಎನ್ನಲು ಸಾಧ್ಯವಿರಬೇಕು. ಮೊದಲ ಭಾಗದಲ್ಲಿ ಅವಳು ಕರಾರಿಗೆ ಸಹಿ ಹಾಕದೆ ಉಳಿದಷ್ಟು ಕಾಲ ಕಥೆಯಲ್ಲಿ ಒಂದಿಷ್ಟು ಜೀವವಿದೆ. ಅವಳು ಕಲಮುಗಳನ್ನು ಹೊಡೆದುಹಾಕುವಾಗ, ನಗುವಾಗ, ಕೊನೆಗೆ ಎದ್ದು ಹೋಗುವಾಗ ಒಬ್ಬ ಹೆಣ್ಣು ನಮಗೆ ಕಾಣುತ್ತಾಳೆ. ಮರಳಿ ಬಂದ ಮೇಲೆ ಸಹಿಯ ಮಾತೇ ಬೇಡವಾಗುತ್ತದೆ. ಏಕೆಂದರೆ ಕಾಗದದಲ್ಲಿ ಬರೆಯದೆಯೇ ಎಲ್ಲವೂ ಅವನದಾಗಿದೆ. 2013ರಲ್ಲಿ ಅಮೆರಿಕದ ಆಮಿ ಬೊನೊಮಿ ಮತ್ತು ಸಂಗಡಿಗ ಸಂಶೋಧಕಿಯರು ಮೊದಲ ಭಾಗವನ್ನು ಕ್ರಮವಾಗಿ ಪರಿಶೀಲಿಸಿ, ಹಿಂಬಾಲಿಸುವುದು, ಬೆದರಿಸುವುದು, ಬಂಧುಮಿತ್ರರಿಂದ ಬೇರ್ಪಡಿಸುವುದು ಮೊದಲಾದ ದೌರ್ಜನ್ಯದ ಲಕ್ಷಣಗಳು ಇವರಿಬ್ಬರ ಸಂಬಂಧದಲ್ಲಿ ವ್ಯಾಪಿಸಿವೆಯೆಂದು ತೋರಿಸಿದರು. ಪರಸ್ಪರ ಒಪ್ಪಿಗೆಯಿಂದ ಇಂತಹ ಒಡೆಯ-ಅಧೀನ ಆಟಗಳಲ್ಲಿ ತೊಡಗುವವರಲ್ಲೇ ಅನೇಕರು, ಒಪ್ಪಿಗೆಯೆಂದರೇನೆಂದು ಈ ನಾಯಕನಿಗೆ ತಿಳಿದಿಲ್ಲವೆಂದು ದೂರಿದರು. ಆಕ್ಷೇಪ ಏಟಿನ ಮೇಲಲ್ಲ, ಒಪ್ಪಿಗೆಯ ಮೇಲೆ ಎಂಬುದನ್ನು ಗಮನಿಸಬೇಕು.

ಆ ದುಬಾರಿ ಪುಸ್ತಕದ ಉಡುಗೊರೆಯ ಮಾತೂ ಸ್ವಾರಸ್ಯವಾಗಿದೆ. ಅದು ಥಾಮಸ್ ಹಾರ್ಡಿಯ 'ಟೆಸ್', 1891ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಮೊದಲ ಮುದ್ರಣ. ಬಡ ಗಾಡಿಕಾರನ ಮಗಳು ಟೆಸ್ ಹೊಟ್ಟೆಪಾಡಿಗಾಗಿ ಶ್ರೀಮಂತರ ಮನೆಗೆ ಕೋಳಿ ಸಾಕಲು ಹೋಗುತ್ತಾಳೆ. ಆ ಮನೆಯ ಮಗ ಅವಳನ್ನು ಕೆಡಿಸುತ್ತಾನೆ. ಕೊನೆಗೆ ಅವಳು ಗಲ್ಲಿಗೇರುತ್ತಾಳೆ. ಸಿರಿವಂತನ ಕಣ್ಣು ಬಡ ಹುಡುಗಿಯ ಮೇಲೆ ಬಿದ್ದರೆ ಆಗುವುದೇನೆಂದು ಹಾರ್ಡಿ ಎದೆ ಬಿರಿಯುವಂತೆ ಬರೆದ. ನೂರಿಪ್ಪತ್ತು ವರ್ಷಗಳ ಬಳಿಕ ಇನ್ನೊಬ್ಬ ಸಿರಿವಂತ ಅದೇ ಪುಸ್ತಕವನ್ನು ಅಂಗಡಿಯಲ್ಲಿ ದುಡಿಯುವ ಹುಡುಗಿಗೆ ಕಾಣಿಕೆಯಾಗಿ ಕಳುಹಿಸುತ್ತಾನೆ. ಎಚ್ಚರಿಕೆಯ ಗಂಟೆಯೂ ಕೊಳ್ಳುವ ವಸ್ತುವಾಯಿತು, ಅದೂ ಬೆಲೆಬಾಳುವ ಮೊದಲ ಮುದ್ರಣವಾಗಿ!

ಮೇಲು ಕೀಳುಗಳ ನಡುವಿನ ಬಯಕೆಯನ್ನು ಸಾಹಿತ್ಯ ಬರೆಯಬಾರದೆಂದು ನಾವು ಹೇಳಿದಂತಾಗಬಾರದು. ಲಾರೆನ್ಸ್ ಬರೆದದ್ದೂ ಅದನ್ನೇ. ಗಣಿಕಾರ್ಮಿಕನ ಮಗನಾದ ಅವನು ಗಣಿಮಾಲೀಕನ ಹೆಂಡತಿಯನ್ನು ಅದೇ ಎಸ್ಟೇಟಿನ ಕಾಡು ಕಾಯುವವನ ಗುಡಿಸಲಿಗೆ ಕಳುಹಿಸಿದ. ಆ ಕಾವಲುಗಾರನ ಬಳಿ ಕೊಡಲು ಏನೂ ಇರಲಿಲ್ಲ, ತನ್ನನ್ನು ಬಿಟ್ಟು. ಅಷ್ಟು ದೂರವೇಕೆ? 1209ರಲ್ಲಿ ಜನ್ನ ಕವಿ ನಮ್ಮ ಕನ್ನಡದಲ್ಲೇ 'ಯಶೋಧರ ಚರಿತೆ' ಬರೆದ. ರಾಣಿ ಅಮೃತಮತಿ ರಾತ್ರಿಯ ಹೊತ್ತು ಕೇಳಿಬಂದ ಹಾಡಿಗೆ ಸೋತು, ಅರಸನ ಮಂಚವನ್ನು ಬಿಟ್ಟು, ವಿಕಾರರೂಪಿನ ಮಾವುತನ ಬಳಿಗೆ ಹೋಗುತ್ತಾಳೆ. ತಡವಾಗಿ ಬಂದಳೆಂದು ಅವನು ಅವಳನ್ನು ಹೊಡೆಯುತ್ತಾನೆ. ಅವಳು ಅವನನ್ನೇ ಬೇಡಿಕೊಳ್ಳುತ್ತಾಳೆ. ಬಯಕೆಯೊಡನೆ ಏಟು ಬೆರೆತ ಕಥೆ ಕನ್ನಡಿಗರಿಗೆ ಸಿಯಾಟಲ್ಲಿನಿಂದ ಬರಬೇಕಾಗಿರಲಿಲ್ಲ!

ಜನ್ನ ಜೈನ ಕವಿ. ಅಮೃತಮತಿಯನ್ನು ಅವನು ಮೆಚ್ಚಿದವನಲ್ಲ. ಆದರೂ ಎಂಟು ನೂರು ವರ್ಷಗಳಿಂದ ಆ ಪ್ರಸಂಗ ಓದುಗನನ್ನು ಕಾಡುತ್ತ ಬಂದಿದೆ. ಏಕೆ? ಅವಳು ಏಕೆ ಹೋದಳೆಂಬುದಕ್ಕೆ ಯಾವ ಲೆಕ್ಕವೂ ಒದಗುವುದಿಲ್ಲ. ಅಲ್ಲಿ ಅವಳಿಗೆ ಲಾಭವಿಲ್ಲ, ಉಡುಗೊರೆಯಿಲ್ಲ, ಇರುವುದೆಲ್ಲ ನಷ್ಟವೇ. ಹೊಸ ಕಾದಂಬರಿಯಲ್ಲೋ ಎಲ್ಲಕ್ಕೂ ಲೆಕ್ಕ ಸಿಕ್ಕುತ್ತದೆ. ನಾಯಕ ಹೀಗೇಕೆ ಆದ? ಬಾಲ್ಯದಲ್ಲಿ ನೊಂದಿದ್ದ. ಅವಳೇಕೆ ಸಹಿಸುತ್ತಾಳೆ? ಅವನನ್ನು ಗುಣಪಡಿಸಲು. ಗುಣವಾಯಿತೇ? ಆಯಿತು, ಮದುವೆಯಾಗಿ ಮಗುವೂ ಆಯಿತು. ಅರ್ಥವಾಗದ ಕತ್ತಲೆ ಒಂದಿಂಚೂ ಉಳಿಯುವುದಿಲ್ಲ. ಹೆಸರಿನಲ್ಲಿ ಐವತ್ತು ಛಾಯೆಗಳು, ಒಳಗೆ ಒಂದೇ ಬಣ್ಣ.

ನಮ್ಮನ್ನು ಎದುರಿಸಿ ಒಂದು ಬಲವಾದ ಮಾತನ್ನು ಹೇಳಬಹುದು. ಇದು ಕನಸಪ್ಪಾ, ಕನಸಿಗೆ ತಕ್ಕಡಿ ಹಿಡಿಯಬೇಡಿ; ಹೆಂಗಸೊಬ್ಬಳು ಬರೆದಳು, ಹೆಂಗಸರು ಓದಿದರು, ಬಾಯಿಬಿಡಲಾಗದ ವಿಷಯವನ್ನು ಗೆಳತಿಯರು ಕೂಡಿ ಮಾತಾಡುವಂತಾಯಿತು, ಇದೇನು ಸಣ್ಣದೇ? ಈ ಮಾತಿನಲ್ಲಿ ಸತ್ಯವಿದೆ, ನಾವು ಒಪ್ಪುತ್ತೇವೆ. ಗಂಡಸರು ಬರೆದ ಶೃಂಗಾರದಲ್ಲಿ ಹೆಣ್ಣಿನ ಮೈಯನ್ನು ಶತಮಾನಗಳ ಕಾಲ ವರ್ಣಿಸಿದ್ದಾಯಿತು. ಅವಳ ಬಯಕೆಯನ್ನು ಅವಳೇ ಹೇಳಿಕೊಳ್ಳಲು ಹೊರಟಾಗ ಲೋಕ ನಕ್ಕಿತು. ಆ ನಗೆಯಲ್ಲಿ ನಾವು ಪಾಲುದಾರರಲ್ಲ.

ಆದರೆ ಕನಸಿಗೂ ಒಂದು ಕಾಲ, ಒಂದು ಊರು ಇರುತ್ತದೆ. 2008ರ ಆರ್ಥಿಕ ಕುಸಿತದಲ್ಲಿ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಲಕ್ಷಗಟ್ಟಲೆ ಜನ ಕೆಲಸ ಕಳೆದುಕೊಂಡರು, ಮನೆ ಕಳೆದುಕೊಂಡರು. ವಿದ್ಯಾಭ್ಯಾಸದ ಸಾಲ ಹೊತ್ತ ಹುಡುಗಿಯರಿಗೆ ಕೆಲಸ ಸಿಕ್ಕುವುದು ಕಷ್ಟವಾಗಿದ್ದ ವರ್ಷಗಳವು. ಅಂತಹ ಕಾಲದಲ್ಲಿ ಬಾಡಿಗೆಯ ಚಿಂತೆ, ಊಟದ ಚಿಂತೆ, ನಾಳೆಯ ಚಿಂತೆ ಎಲ್ಲವನ್ನೂ ಇನ್ನೊಬ್ಬ ಹೊತ್ತುಕೊಂಡಾನು, ನಾನು ಹೇಳಿದಂತೆ ಕೇಳಿದರೆ ಸಾಕು ಎಂಬ ಕನಸು ಸಿಹಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಇದು ನಮ್ಮ ಊಹೆ. ಊಹೆ ನಿಜವಾದರೆ ಕನಸು ಕಂಡವಳನ್ನು ದೂರುವಂತಿಲ್ಲ. ಬದುಕಿನಲ್ಲಿ ದಣಿದವಳಿಗೆ ವಿಶ್ರಾಂತಿ ಬೇಕಾಗಿತ್ತು. ವಿಶ್ರಾಂತಿಯ ಹೆಸರಿನಲ್ಲಿ ಅವಳಿಗೆ ಯಜಮಾನನನ್ನು ಮಾರಲಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಅವಳಿಗೆ ಗೊತ್ತಾದುದು ಕುಡಿದ ಮೇಲೆ.

ಈ ಪುಸ್ತಕ ಹುಟ್ಟಿದ ಬಗೆಯನ್ನೂ ತಿಳಿಯಬೇಕು. ಆರಂಭದಲ್ಲಿ ಇದು ಮಾರಾಟದ ಸರಕಾಗಿರಲಿಲ್ಲ. 'ಟ್ವೈಲೈಟ್' ಎಂಬ ಜನಪ್ರಿಯ ಕಥಾಮಾಲೆಯ ಅಭಿಮಾನಿಗಳು ಅದರ ಪಾತ್ರಗಳನ್ನಿಟ್ಟುಕೊಂಡು ತಮ್ಮ ತಮ್ಮಲ್ಲೇ ಕಥೆ ಬರೆದು ಹಂಚಿಕೊಳ್ಳುತ್ತಿದ್ದರು. ಹಾಗೆ ಇಂಟರ್ನೆಟ್ಟಿನಲ್ಲಿ ಕಂತುಕಂತಾಗಿ, ಬಿಟ್ಟಿಯಾಗಿ ಬಂದ ಕಥೆ ಇದು. ಓದಿದವರು ಮೆಚ್ಚಿದರು, ತಿದ್ದಿದರು, ಮುಂದಿನ ಕಂತಿಗೆ ಕಾದರು. ಆಮೇಲೆ ಪಾತ್ರಗಳ ಹೆಸರು ಬದಲಾಯಿತು. ಆಸ್ಟ್ರೇಲಿಯದ ಒಂದು ಪುಟ್ಟ ಪ್ರಕಾಶನ ಅಚ್ಚು ಮಾಡಿತು. 2012ರಲ್ಲಿ ರ‍್ಯಾಂಡಮ್ ಹೌಸ್ ಎಂಬ ದೈತ್ಯ ಸಂಸ್ಥೆ ಹಕ್ಕುಗಳನ್ನು ಕೊಂಡಿತು. ಆ ವರ್ಷದ ಕೊನೆಗೆ ಅಮೆರಿಕದ ತನ್ನ ನೌಕರರಿಗೆ ತಲಾ 5,000 ಡಾಲರ್ ಬೋನಸ್ ಹಂಚುವಷ್ಟು ಲಾಭ ಬಂದಿತು. ನೌಕರರಿಗೆ ಕೊಟ್ಟುದು ಒಳ್ಳೆಯದೇ. ಆದರೆ ಆ ಪುಟ್ಟ ಪ್ರಕಾಶನದ ಕೆಲಸದಲ್ಲಿ ಮೊದಲಿನಿಂದ ಪಾಲುದಾರಳಾಗಿದ್ದ ಟೆಕ್ಸಾಸ್ ರಾಜ್ಯದ ಶಾಲಾ ಶಿಕ್ಷಕಿಯೊಬ್ಬಳು ತನ್ನ ಪಾಲಿಗಾಗಿ ಕೋರ್ಟಿಗೆ ಹೋಗಬೇಕಾಯಿತು. ಅವಳು ಪಾಲುದಾರಳೇ ಹೌದೆಂದು 2015ರಲ್ಲಿ ಜ್ಯೂರಿ ತೀರ್ಮಾನಿಸಿತು. ಕೋಟ್ಯಧೀಶನ ಪ್ರೇಮದ ಕಥೆಯ ಹಿಂದೆ, ಪಾಲು ಕೇಳಿದ ದುಡಿಯುವ ಹೆಂಗಸಿನ ಕಥೆಯೊಂದಿದೆ. ಅದನ್ನು ಯಾರಾದರೂ ಕಾದಂಬರಿ ಮಾಡಿದರೆ ನಾವು ಮೊದಲ ಪ್ರತಿ ಕೊಳ್ಳಲು ಸಿದ್ಧ.

ಇದೆಲ್ಲ ಹೊರದೇಶದ ಮಾತೆಂದು ಕೈತೊಳೆದುಕೊಳ್ಳುವಂತಿಲ್ಲ. ಇಂದು ಕನ್ನಡದಲ್ಲೂ ಮೊಬೈಲಿನಲ್ಲಿ ಕಂತುಕಂತಾಗಿ ಕಥೆ ಓದುವವರು ಬಹಳ. ಓದುವವರಲ್ಲೂ ಬರೆಯುವವರಲ್ಲೂ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸಂತೋಷದ ಸಂಗತಿ. ಆದರೆ ಅಲ್ಲಿಯೂ ಸಿಡುಕು ಮೋರೆಯ ಕೋಟ್ಯಧೀಶ, ಅವನ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಬಡ ಹುಡುಗಿ, ಒಂದು ಕರಾರಿನ ಮದುವೆ ಎಂಬ ಅಚ್ಚಿನಲ್ಲಿ ಎರಕ ಹೊಯ್ದ ಕಥೆಗಳು ಮತ್ತೆ ಮತ್ತೆ ಕಾಣುತ್ತವೆ. ಎದೆ ಬಡಿದುಕೊಳ್ಳುವ ಜಾಗಕ್ಕೆ ಕಂತು ನಿಲ್ಲುತ್ತದೆ. ಮುಂದಕ್ಕೆ ಓದಬೇಕಾದರೆ ದುಡ್ಡು. ತ್ರಿವೇಣಿಯವರ 'ಶರಪಂಜರ'ದ ಕಾವೇರಿಯ ನೋವನ್ನು ತಮ್ಮದೆಂದು ಓದಿದ ಓದುಗರ ಮೊಮ್ಮಕ್ಕಳು ಇವರು. ಹೆಣ್ಣಿನ ಮನಸ್ಸು ಇಷ್ಟು ಸರಳವಲ್ಲವೆಂದು ಇವರ ಅಜ್ಜಿಯರಿಗೆ ಆಗಲೇ ಗೊತ್ತಿತ್ತು.

ಹಾಗಾದರೆ ಮಾಡಬೇಕಾದುದೇನು? ನಿಷೇಧವಲ್ಲ, ಉಪದೇಶವೂ ಅಲ್ಲ. ನಿರಾಶೆಯನ್ನು ಗಟ್ಟಿಯಾಗಿ ಹೇಳುವ ಜಾಗ ಬೇಕು. 1965ರ ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನಾವು ಕೊಡುವ ಮನೆಗಂದಾಯದ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯದ ಕರ ಸೇರಿದೆ. ಹಣ ನಮ್ಮದು, ಆದರೆ ಯಾವ ಪುಸ್ತಕ ಬೇಕು, ಯಾವುದು ಬೇಸರ ತಂದಿತು ಎಂದು ಓದುಗನನ್ನು ಕೇಳುವವರಿಲ್ಲ. ಪ್ರತಿ ಶಾಖಾ ಗ್ರಂಥಾಲಯದಲ್ಲೂ ಮೇಜಿನ ಮೇಲೆ ಒಂದು ನೋಟುಬುಕ್ಕನ್ನೂ ಒಂದು ಪೆನ್ಸಿಲನ್ನೂ ಇಡಲಿ. ಓದಿದವರು ಹೆಸರು ಹಾಕಿಯೋ ಹಾಕದೆಯೋ ಎರಡು ಸಾಲು ಬರೆಯಲಿ. ಇದಕ್ಕೆ ಸರ್ಕಾರದ ಅನುದಾನ ಬೇಕಾಗಿಲ್ಲ. ಮಹಿಳಾ ಮಂಡಲಗಳೂ ಸ್ವಸಹಾಯ ಸಂಘಗಳೂ ತಿಂಗಳಿಗೊಂದು ಸಂಜೆ ಸಾಲದ ಲೆಕ್ಕ ಮುಗಿದ ಮೇಲೆ ಒಂದು ಕಥೆಯ ಲೆಕ್ಕವನ್ನೂ ತೆಗೆಯಲಿ: ಈ ಕಥೆಯಲ್ಲಿ ಅವಳು ಬೇಡವೆನ್ನಬಹುದಿತ್ತೇ? ಎಂದಿದ್ದರೆ ಏನಾಗುತ್ತಿತ್ತು? ಅವಳ ಕೆಲಸ ಉಳಿಯುತ್ತಿತ್ತೇ?

ಇಷ್ಟು ಕೇಳಿದರೆ ಸಾಕು, ಬಹುಪಾಲು ಕಥೆಗಳ ಬಂಡವಾಳ ಹೊರಬೀಳುತ್ತದೆ. ಒಳ್ಳೆಯ ಕಥೆಗೆ ಈ ಪ್ರಶ್ನೆಗಳಿಂದ ಹಾನಿಯಿಲ್ಲ. ಅಮೃತಮತಿಯನ್ನು ಕೇಳಿ ನೋಡಿ, ಲಾರೆನ್ಸನ ಆ ಗಣಿಮಾಲೀಕನ ಹೆಂಡತಿಯನ್ನು ಕೇಳಿ ನೋಡಿ. ಅವರು ಕೆಟ್ಟರೋ ಬದುಕಿದರೋ, ಹೋದದ್ದು ತಮ್ಮ ಕಾಲಿನಿಂದಲೇ.

ಹೋಟೆಲಿನ ಕೋಣೆಯಲ್ಲಿ ಪುಸ್ತಕ ಬಿಟ್ಟು ನಡೆದ ಓದುಗರು ಒಂದು ವಿಮರ್ಶೆಯನ್ನು ಬರೆಯದೆ ಬರೆದರು. ಅದನ್ನು ಬಾಯಿಬಿಟ್ಟು ಹೇಳಲು ಕಲಿಯೋಣ. ಬಯಕೆಯ ಕಥೆ ಬೇಡವೆಂದಲ್ಲ, ಇನ್ನೂ ಒಳ್ಳೆಯದು ಬೇಕೆಂದು. ಕೋಟಿ ರೂಪಾಯಿಯ ನಾಯಕನನ್ನು ಕೊಟ್ಟು ಎರಡು ಕಾಸಿನ ಪ್ರೇಮವನ್ನು ನಮ್ಮ ತಲೆಗೆ ಕಟ್ಟುವ ವ್ಯಾಪಾರ ನಿಲ್ಲುವುದು, ಓದುಗಳು 'ಇಷ್ಟೇನೇ?' ಎಂದು ಗಟ್ಟಿಯಾಗಿ ಕೇಳಿದ ದಿನ.